ಬೆಂಚಿನ ಮೇಲೆ ಕೂತವರು

ಕಳೆದ ವರ್ಷ ಏಳು ವಾರ ನಾನು ಬೆಂಚಿನ ಮೇಲಿದ್ದೆ. ಐಟಿಯಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಪ್ರಾಜೆಕ್ಟ್ ಮುಗಿದಿರುತ್ತೆ, ಹೊಸದು ಸಿಕ್ಕಿರಲ್ಲ. ಸಂಬಳ ಬರುತ್ತೆ, ಕೆಲಸ ಬರಲ್ಲ. ಮೊದಲ ವಾರ ಕ್ಯಾಂಟೀನಿನಲ್ಲಿ ಸಿಕ್ಕವರು 'ಮಜಾ ಮಾಡು ಗುರೂ' ಅಂತಾರೆ. ಮೂರನೇ ವಾರ ಅದೇ ಜನ 'ಏನಾಯ್ತು, ಸಿಕ್ತಾ?' ಅಂತ ಕೇಳ್ತಾರೆ. ಐದನೇ ವಾರಕ್ಕೆ ಕೇಳೋದನ್ನೂ ಬಿಡ್ತಾರೆ.

ಆ ಏಳು ವಾರದ ಸಂಜೆಗಳಲ್ಲಿ ನಾನು ಕ್ರೀಡೆಯ ಮೇಲೆ ಬಂದಿರೋ ಸಿನಿಮಾಗಳನ್ನ ಒಂದರ ಹಿಂದೊಂದು ನೋಡಿದೆ. ಸ್ಫೂರ್ತಿ ಬರಲಿ ಅನ್ನೋದು ಉದ್ದೇಶ. ಬಂದಿದ್ದು ಸಿಟ್ಟು. ಯಾಕೆ ಅಂತ ಹೇಳೋದಕ್ಕೇ ಈ ಬರಹ.

ಶುರು ಮಾಡಿದ್ದು 'ಹೂಸಿಯರ್ಸ್'ನಿಂದ. 1986ರ ಸಿನಿಮಾ. ಇಂಡಿಯಾನಾ ರಾಜ್ಯದ ಹಿಕರಿ ಅನ್ನೋ ಕಾಲ್ಪನಿಕ ಹಳ್ಳಿ, ಅಲ್ಲೊಂದು ಪುಟ್ಟ ಹೈಸ್ಕೂಲು, ಅದರ ಬಾಸ್ಕೆಟ್‌ಬಾಲ್ ತಂಡದ ಒಂದು ಸೀಸನ್. ಕೋಚ್ ಆಗಿ ಜೀನ್ ಹ್ಯಾಕ್‌ಮನ್. ಕತೆಗೆ ಎಳೆ ಸಿಕ್ಕಿದ್ದು ನಿಜ ಘಟನೆಯಿಂದ: 1954ರಲ್ಲಿ ಮೈಲನ್ ಅನ್ನೋ ಸಣ್ಣ ಊರಿನ ಶಾಲೆ ರಾಜ್ಯಮಟ್ಟದ ಫೈನಲ್‌ನಲ್ಲಿ ದೊಡ್ಡ ಊರಿನ ಮನ್ಸಿ ಸೆಂಟ್ರಲ್ ಶಾಲೆಯನ್ನ 32–30ರಿಂದ ಸೋಲಿಸಿತ್ತು. ಆಗ ಇಂಡಿಯಾನಾದಲ್ಲಿ ದೊಡ್ಡ ಶಾಲೆ, ಸಣ್ಣ ಶಾಲೆ ಅಂತ ಭೇದ ಇರಲಿಲ್ಲ. ಎಲ್ಲರಿಗೂ ಸೇರಿ ಒಂದೇ ಟೂರ್ನಮೆಂಟು. ಆ ಪದ್ಧತಿ ಹೋಗಿದ್ದು 1997ರಲ್ಲಿ.

ಒಳ್ಳೇ ಸಿನಿಮಾ, ಅನುಮಾನ ಇಲ್ಲ. ಆದರೆ ನನ್ನ ಕಣ್ಣು ಪೂರ್ತಿ ಸಿನಿಮಾ ಒಬ್ಬನ ಮೇಲೇ ಇತ್ತು. ಅವನ ಹೆಸರು ಆಲಿ. ಗಿಡ್ಡ, ಪುಕ್ಕಲ, ತಂಡದ ಸಾಮಾನು ನೋಡಿಕೊಳ್ಳೋ ಹುಡುಗ. ಜನ ಕಮ್ಮಿ ಬಿದ್ದಿದ್ದಕ್ಕೆ ತಂಡದೊಳಗೆ ಬಂದವನು. ಬೆಂಚಿನ ತುದಿಯಲ್ಲಿ ಕೂತಿರ್ತಾನೆ. ಒಂದು ನಿರ್ಣಾಯಕ ಪಂದ್ಯದಲ್ಲಿ ಬೇರೆ ದಾರಿಯಿಲ್ಲದೆ ಅವನನ್ನ ಇಳಿಸಬೇಕಾಗುತ್ತೆ. ಕೊನೇ ಗಳಿಗೆ, ಎರಡು ಫ್ರೀ ಥ್ರೋ, ಎಲ್ಲರ ಉಸಿರು ನಿಂತಿದೆ. ಆಲಿ ಎರಡೂ ಕೈಯಲ್ಲಿ ಚೆಂಡು ಹಿಡಿದು ಮೊಣಕಾಲಿನ ಹತ್ತಿರದಿಂದ ಮೇಲಕ್ಕೆ ತೂರ್ತಾನೆ. ಎರಡೂ ಒಳಗೆ. ತಂಡ ಗೆಲ್ಲುತ್ತೆ, ಆಲಿಯನ್ನ ಹೆಗಲ ಮೇಲೆ ಹೊತ್ತು ಕುಣೀತಾರೆ.

ಇಲ್ಲೇ ನನಗೆ ಸಿಟ್ಟು ಬಂದಿದ್ದು.

ಯಾಕಂದ್ರೆ ಬೆಂಚು ನನಗೆ ಹೊಸದಲ್ಲ. ಹೊನ್ನಾವರ ತಾಲೂಕಿನ ಒಂದು ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ನಾನು ಒಂಬತ್ತು ಮತ್ತು ಹತ್ತನೇ ಕ್ಲಾಸು, ಎರಡೂ ವರ್ಷ 'ಎಕ್ಸ್‌ಟ್ರಾ' ಆಗಿದ್ದೆ. ನಮ್ಮ ಕಡೆ ಬಾಸ್ಕೆಟ್‌ಬಾಲ್ ಅಂದ್ರೆ ಟೀವಿಯಲ್ಲಿ ನೋಡೋ ಆಟ. ಅದಕ್ಕೆ ಗಟ್ಟಿ ನೆಲ ಬೇಕು, ಹತ್ತು ಅಡಿ ಎತ್ತರಕ್ಕೆ ಬಳೆ ಕಟ್ಟಿದ ಎರಡು ಕಂಬ ಬೇಕು. ಕಬಡ್ಡಿಗೆ ಒಂದು ಬುಟ್ಟಿ ಸುಣ್ಣದ ಪುಡಿ ಸಾಕು. ಎರಡೂ ಆಟಕ್ಕೆ ಹನ್ನೆರಡು ಜನರ ತಂಡ. ಬಾಸ್ಕೆಟ್‌ಬಾಲಿನಲ್ಲಿ ಐದು ಜನ ಆಡ್ತಾರೆ, ಏಳು ಜನ ಕೂರ್ತಾರೆ. ಕಬಡ್ಡಿಯಲ್ಲಿ ಏಳು ಜನ ಆಡ್ತಾರೆ, ಐದು ಜನ ಕೂರ್ತಾರೆ. ಆ ಐದರಲ್ಲಿ ನಾನು ಕೊನೆಯವನಿಗಿಂತ ಒಂದು ಸ್ಥಾನ ಮುಂದಿದ್ದೆ.

ಎಕ್ಸ್‌ಟ್ರಾ ಆದವನ ಕೆಲಸ ಏನು ಅಂತ ಯಾವ ಸಿನಿಮಾದಲ್ಲೂ ಸರಿಯಾಗಿ ತೋರಿಸಿಲ್ಲ, ಹಾಗಾಗಿ ನಾನೇ ಹೇಳ್ತೀನಿ. ಆಡೋರ ವಾಚು, ಸರ, ಉಡದಾರದಲ್ಲಿದ್ದ ಕೀಲಿ ಎಲ್ಲ ಇಸ್ಕೊಂಡು ಕಿಸೆಯಲ್ಲಿ ಇಟ್ಕೊಳ್ಳೋದು. ಚಪ್ಪಲಿ ಕಾಯೋದು. 'ಏ ತಮಾ, ನೀರು ತಕಂಡ್ ಬಾ' ಅಂದಾಗ ಓಡೋದು. ಮಳೆ ಬಂದ್ರೆ ಎಲ್ಲರ ಬ್ಯಾಗನ್ನ ಶಾಲೆಯ ಜಗಲಿಗೆ ಹೊತ್ತು ಹಾಕೋದು. ನಮ್ಮ ಶಾಲೆಯಲ್ಲಿ ಜರ್ಸಿ ಇದ್ದಿದ್ದು ಹತ್ತೇ. ಹಾಗಾಗಿ ಹನ್ನೊಂದನೆಯವನಾದ ನಾನು, ಹನ್ನೆರಡನೆಯವನು, ಇಬ್ಬರೂ ಯುನಿಫಾರ್ಮ್ ಅಂಗಿಯಲ್ಲೇ ಕೂರ್ತಿದ್ವಿ. ದೂರದಿಂದ ನೋಡಿದ್ರೆ ಪಂದ್ಯ ನೋಡೋಕೆ ಬಂದವರ ಹಾಗೇ ಕಾಣ್ತಿದ್ವಿ.

ಕಬಡ್ಡಿಯಲ್ಲಿ ಒಂದು ಚಂದದ ನಿಯಮ ಇದೆ. ಔಟಾದವನು ಸತ್ತ ಹಾಗೆ, ಆದರೆ ಪೂರ್ತಿ ಸಾಯಲ್ಲ. ಹಿಂದೆ ಕೂತಿರ್ತಾನೆ. ತನ್ನ ಕಡೆಯವರು ಎದುರಾಳಿಯೊಬ್ಬನನ್ನ ಔಟ್ ಮಾಡಿದ ಕೂಡಲೇ ಸರದಿಯ ಪ್ರಕಾರ ಎದ್ದು ಒಳಗೆ ಬರ್ತಾನೆ. ಅಂದ್ರೆ ಔಟಾಗಿ ಕೂತವನಿಗೂ ಪಂದ್ಯದಲ್ಲಿ ಒಂದು ಲೆಕ್ಕ ಇದೆ. ಅವನ ಪಕ್ಕದಲ್ಲೇ, ಗೆರೆಯಿಂದ ಎರಡು ಮಾರು ಆಚೆ ಕೂತಿರೋ ಎಕ್ಸ್‌ಟ್ರಾನಿಗೆ ಆ ಲೆಕ್ಕ ಇಲ್ಲ. ಯಾರು ಎಷ್ಟು ಸಲ ಎದ್ದು ಒಳಗೆ ಹೋದರೂ ಅವನ ಸರದಿ ಬರಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ವಲಯ ಮಟ್ಟದಲ್ಲಿ ಗೆದ್ದು ತಾಲೂಕು ಮಟ್ಟಕ್ಕೆ ಹೋದ್ವಿ. ಅಲ್ಲೂ ಗೆದ್ದರೆ ಜಿಲ್ಲಾ ಮಟ್ಟ. ನಮ್ಮದು ಕಾರವಾರ ಶೈಕ್ಷಣಿಕ ಜಿಲ್ಲೆ. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಅಂತ ಕರಾವಳಿಯ ಐದು ತಾಲೂಕು. ಘಟ್ಟದ ಮೇಲಿನವರದ್ದು ಶಿರಸಿ, ಬೇರೆ. ಆ ಸಲ ಜಿಲ್ಲಾ ಮಟ್ಟ ಕುಮಟಾದಲ್ಲಿ ಅನ್ನೋ ಸುದ್ದಿ. ಹೊನ್ನಾವರದಿಂದ ಟೆಂಪೋದಲ್ಲಿ ಮುಕ್ಕಾಲು ಗಂಟೆ ದಾರಿ, ಆದರೂ ನಮಗದು ಪರದೇಶ.

ತಾಲೂಕಿನ ಸೆಮಿಫೈನಲ್. ಆಗಸ್ಟ್ ತಿಂಗಳು, ಬೆಳಗ್ಗೆ ಹಾಕಿದ ಸುಣ್ಣದ ಗೆರೆ ಮಧ್ಯಾಹ್ನದ ಮಳೆಗೆ ಕರಗಿ ಮತ್ತೆ ಹಾಕಿದ್ದರು. ಚಿರೆಕಲ್ಲಿನ ಮಣ್ಣು ಕೆಂಪು ಗೊಜ್ಜಾಗಿತ್ತು. ಎರಡನೇ ಅರ್ಧದಲ್ಲಿ ನಮ್ಮ ಮುಖ್ಯ ರೈಡರ್ ಜಾರಿ ಬಿದ್ದು ಪಾದ ಉಳುಕಿಸಿಕೊಂಡ. ಅಷ್ಟೊತ್ತಿಗೆ ಮೊದಲ ಮೂವರು ಎಕ್ಸ್‌ಟ್ರಾಗಳು ಒಳಗೆ ಹೋಗಿಯಾಗಿತ್ತು. ಉಳಿದವರು ಇಬ್ಬರು. ಪಿ.ಟಿ. ಮಾಸ್ತರು ತಿರುಗಿ ನಮ್ಮ ಕಡೆ ನೋಡಿದರು.

ಆಲಿಯನ್ನ ಹೆಗಲ ಮೇಲೆ ಹೊತ್ತು ಕುಣಿದ ಸಿನಿಮಾದವರು ಕೇಳಿ. ಆ ಕ್ಷಣ ನಾನು ಮಾಡಿದ್ದು ಇಷ್ಟು: ಬಗ್ಗಿ, ಕಾಲಿಗೆ ಮುಳ್ಳು ಚುಚ್ಚಿದೆಯೇನೋ ಅನ್ನೋ ಹಾಗೆ ಹೆಬ್ಬೆರಳು ನೋಡಿಕೊಂಡೆ. ಎರಡು ವರ್ಷ ದಿನಾ ಬೆಳಗ್ಗೆ ಆರೂವರೆಗೆ ಪ್ರ್ಯಾಕ್ಟೀಸಿಗೆ ಹೋದವನು ಒಳಗೊಳಗೇ 'ನನ್ನ ಕರೀದೇ ಇರ್ಲಿ ದೇವರೇ' ಅಂತ ಬೇಡ್ಕೊಂಡೆ. ಮಾಸ್ತರು ಕರೀಲಿಲ್ಲ. ಉಳುಕಿದ ಕಾಲಿಗೆ ಬಟ್ಟೆ ಸುತ್ತಿ ಅವನನ್ನೇ ವಾಪಸ್ ಕಳಿಸಿದರು. ಎರಡು ಪಾಯಿಂಟಿನಲ್ಲಿ ಸೋತ್ವಿ. ಮನೆಗೆ ಬಂದಾಗ ಆಯಿ ಕೇಳಿದಳು, 'ಎಷ್ಟ್ ಜನ್ರನ್ನ ಔಟ್ ಮಾಡ್ದ್ಯೋ?' 'ಇಬ್ರನ್ನ' ಅಂದೆ.

ಆ ಮಾಸ್ತರ ಮೇಲೆ ತುಂಬಾ ವರ್ಷ ಸಿಟ್ಟಿತ್ತು. ಈಗಿಲ್ಲ. ಅವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ನಮ್ಮಿಬ್ಬರನ್ನ ಅವರು ಪ್ರ್ಯಾಕ್ಟೀಸಿನಲ್ಲಿ ನೋಡಿದ್ದರು, ಪಂದ್ಯದಲ್ಲಿ ಒಂದೇ ಒಂದು ಸಲ ನೋಡಿರಲಿಲ್ಲ. ನೋಡೋಕೆ ಪಂದ್ಯವೇ ಇರಲಿಲ್ಲ. ಗೊತ್ತಿಲ್ಲದ ಎರಡು ಕಾಲಿಗಿಂತ ಗೊತ್ತಿರುವ ಒಂದು ಕಾಲು ವಾಸಿ ಅನ್ನಿಸಿರಬೇಕು. ನಾನಾಗಿದ್ದರೂ ಹಾಗೇ ಮಾಡ್ತಿದ್ದೆ.

ನನ್ನ ಪಕ್ಕ ಕೂತಿದ್ದವನು ಮಂಕಿ ಕಡೆಯಿಂದ ಬರ್ತಿದ್ದ ಹುಡುಗ. ನನಗಿಂತ ಗಟ್ಟಿ, ಹಿಡಿತ ಅಂದ್ರೆ ಕೊಕ್ಕೆ ಹಾಕಿದ ಹಾಗೆ. ಮಾಸ್ತರು ಅವನನ್ನಾದರೂ ಕರೀಬೇಕಿತ್ತು, ಅವನು ಕಾಯ್ತಾ ಇದ್ದ ಅಂತ ನಾನು ನಂಬಿಕೊಂಡಿದ್ದೆ. ಹತ್ತನೇ ಕ್ಲಾಸಿನ ನಂತರ ಅವನು ಶಾಲೆ ಬಿಟ್ಟು ಬೋಟಿಗೆ ಹೋದ. ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಕಾಸರಕೋಡ ಬಂದರಿನ ಹತ್ತಿರ ಸಿಕ್ಕ. ಚಾ ಕುಡೀತಾ ಆ ಸೆಮಿಫೈನಲ್ ವಿಷಯ ಬಂತು. 'ನಿನ್ನನ್ನ ಹಾಕಿದ್ರೆ ಗೆಲ್ತಿದ್ವಿ ಮಾರಾಯಾ' ಅಂದೆ. ಅವನು ನಕ್ಕ. 'ಎಂತಾ ಗೆಲ್ಲೂದು. ಮಾಸ್ತರು ತಿರುಗಿದ್ದೇ ನಾ ಕೆಳಗೆ ನೋಡ್ದೆ' ಅಂದ.

ಹದಿಮೂರು ವರ್ಷ ನಾನೊಬ್ಬನೇ ಹೇಡಿ ಅಂದ್ಕೊಂಡಿದ್ದೆ.

ಸಿನಿಮಾಗಳು ಬೆಂಚಿನ ಬಗ್ಗೆ ಹೇಳೋ ಸುಳ್ಳು ಇದೇ. ಬೆಂಚು ಅಂದ್ರೆ ಪವಾಡಕ್ಕೆ ಕಾಯೋ ಜಾಗ, ಅಲ್ಲಿ ಕೂತು ಕೂತು ತಾಳ್ಮೆ ಬೆಳೆಯುತ್ತೆ, ಹಸಿವು ಬೆಳೆಯುತ್ತೆ, ಕರೆ ಬಂದ ದಿನ ಅದೆಲ್ಲ ಸ್ಫೋಟಿಸುತ್ತೆ ಅನ್ನೋದು. 'ಹೂಸಿಯರ್ಸ್' ಮಾಡಿದ ಬರಹಗಾರ–ನಿರ್ದೇಶಕ ಜೋಡಿಯೇ 1993ರಲ್ಲಿ 'ರೂಡಿ' ಮಾಡಿತು. ಅದು ಅಮೆರಿಕನ್ ಫುಟ್‌ಬಾಲಿನ ಕತೆ, ನಾಯಕನೇ ಮೀಸಲು ಆಟಗಾರ. ವರ್ಷಗಟ್ಟಲೆ ಪೆಟ್ಟು ತಿಂದವನಿಗೆ ಕೊನೇ ಪಂದ್ಯದ ಕೊನೇ ಗಳಿಗೆಯಲ್ಲಿ ಮೈದಾನ ಸಿಗುತ್ತೆ, ಅಲ್ಲೂ ಅವನು ಮಿಂಚ್ತಾನೆ. ಎರಡೂ ಸಿನಿಮಾ ಎಕ್ಸ್‌ಟ್ರಾಗಳಿಗೆ ಗೌರವ ಕೊಡೋ ಹಾಗೆ ಕಾಣುತ್ತೆ. ಆದರೆ ಕೊಡೋದು ಯಾವಾಗ? ಎಕ್ಸ್‌ಟ್ರಾ ಎಕ್ಸ್‌ಟ್ರಾ ಆಗಿರೋದನ್ನ ನಿಲ್ಲಿಸಿದ ಮೇಲೆ. ಮಿಂಚದೇ ಇದ್ದಿದ್ದರೆ ಆಲಿಗೆ ಸಿನಿಮಾದಲ್ಲಿ ಹೆಸರೂ ಇರ್ತಿರಲಿಲ್ಲ.

ನಮ್ಮವರ 'ಚಕ್ ದೇ ಇಂಡಿಯಾ' (2007) ತಗೊಳ್ಳಿ. ಕೋಮಲ್, ಪ್ರೀತಿ, ಬಲ್ಬೀರ್, ಬಿಂದಿಯಾ, ವಿದ್ಯಾ... ಹದಿನಾರು ಹುಡುಗಿಯರಲ್ಲಿ ನಿಮಗೆ ಎಷ್ಟು ಹೆಸರು ನೆನಪಾಗುತ್ತೆ? ಹಾಕಿಯಲ್ಲಿ ಒಂದು ಸಲಕ್ಕೆ ಆಡೋದು ಹನ್ನೊಂದು ಜನ. ಬಿಂದಿಯಾ ಸಿಟ್ಟು ಮಾಡಿಕೊಂಡು ಬೆಂಚಿನ ಮೇಲೆ ಕೂತಿದ್ದು ನೆನಪಿರುತ್ತೆ, ಯಾಕಂದ್ರೆ ಅವಳು ಎದ್ದು ಬಂದು ಗೆಲ್ಲಿಸ್ತಾಳೆ. ಸಿಟ್ಟಿಲ್ಲದೆ ಸುಮ್ಮನೆ ಕೂತವರು ಯಾರು?

ನಿಜವಾದ ಬೆಂಚು ಕಲಿಸೋದು ಹೆದರಿಕೆಯನ್ನ. ಕರೆ ಬರಲ್ಲ ಬರಲ್ಲ ಅಂತ ದಿನಾ ರೂಢಿಯಾದವನಿಗೆ, ಕರೆ ಬಂದರೆ ಏನು ಗತಿ ಅನ್ನೋದೇ ದೊಡ್ಡ ಚಿಂತೆ ಆಗಿಬಿಡುತ್ತೆ. ಇದು ಸ್ವಭಾವದ ದೋಷ ಅಲ್ಲ, ಕೂರಿಸಿದ ರೀತಿಯ ಫಲ.

ಹಾಗಂತ ಎಲ್ಲ ಸಿನಿಮಾನೂ ಸುಳ್ಳು ಅಂತಲ್ಲ. ನಾಲ್ಕನೇ ವಾರ ನೋಡಿದ್ದು 'ಹೂಪ್ ಡ್ರೀಮ್ಸ್'. ಸ್ಟೀವ್ ಜೇಮ್ಸ್ ಮಾಡಿದ ಸಾಕ್ಷ್ಯಚಿತ್ರ, 1994ರದ್ದು. ಅರ್ಧ ಗಂಟೆಯ ಚಿತ್ರ ಮಾಡೋಣ ಅಂತ ಹೊರಟವರು ಶಿಕಾಗೋದ ಇಬ್ಬರು ಬಡ ಹುಡುಗರ ಹಿಂದೆ ವರ್ಷಗಟ್ಟಲೆ ಓಡಾಡಿ, ಸುಮಾರು 250 ಗಂಟೆ ಚಿತ್ರೀಕರಿಸಿ, ಕೊನೆಗೆ ಮೂರು ಗಂಟೆಗೆ ಹತ್ತಿರದ ಸಿನಿಮಾ ಮಾಡಿದರು. ವಿಲಿಯಂ ಗೇಟ್ಸ್, ಆರ್ಥರ್ ಏಜೀ ಅಂತ ಆ ಹುಡುಗರ ಹೆಸರು. ಇಬ್ಬರನ್ನೂ ಸೇಂಟ್ ಜೋಸೆಫ್ ಅನ್ನೋ ಖಾಸಗಿ ಶಾಲೆ ಬಾಸ್ಕೆಟ್‌ಬಾಲಿಗಾಗಿ ಸೇರಿಸಿಕೊಳ್ಳುತ್ತೆ. ವಿಲಿಯಂ ಮೊದಲ ವರ್ಷವೇ ಮುಖ್ಯ ತಂಡಕ್ಕೆ. ಆರ್ಥರ್ ಮೊದಲ ವರ್ಷದವರ ಕಿರಿಯ ತಂಡಕ್ಕೆ. ವಿಲಿಯಂನ ಫೀಸು ಕಟ್ಟೋಕೆ ದಾನಿಗಳು ಸಿಗ್ತಾರೆ. ಆರ್ಥರ್‌ನ ಮನೆಯವರಿಗೆ ಫೀಸು ಕಟ್ಟಲಾಗದೆ ಅವನು ಎರಡನೇ ವರ್ಷದ ನಡುವೆಯೇ ಶಾಲೆ ಬಿಡಬೇಕಾಗುತ್ತೆ.

ಬೇರೆ ಯಾವ ಸಿನಿಮಾ ಆಗಿದ್ದರೂ ಕ್ಯಾಮೆರಾ ಇಲ್ಲಿಂದ ವಿಲಿಯಂ ಜೊತೆಗೇ ಹೋಗ್ತಿತ್ತು. ಈ ಸಿನಿಮಾ ಹೋಗಲ್ಲ. ಬಿಟ್ಟುಹೋದ ಆರ್ಥರ್‌ನ ಜೊತೆಗೂ ಇರುತ್ತೆ. ಅವನು ಊರಿನ ಸರಕಾರಿ ಶಾಲೆ ಮಾರ್ಷಲ್‌ಗೆ ಸೇರಿದಾಗ ಇರುತ್ತೆ, ಮನೆಯ ಕರೆಂಟು ಕಟ್ಟಾದಾಗ ಇರುತ್ತೆ. ಅವನಿಗೆ ಹದಿನೆಂಟು ತುಂಬಿದ ದಿನ ತಾಯಿ ಶೀಲಾ ಕೇಕು ಮಾಡ್ತಾಳೆ. ಮಗ ಹದಿನೆಂಟರವರೆಗೆ ಬದುಕಿದ್ದೇ ದೊಡ್ಡದು ಅನ್ನೋ ಅರ್ಥದ ಮಾತು ಹೇಳ್ತಾಳೆ. ಸಿನಿಮಾದಲ್ಲಿ ನನಗೆ ಅತ್ಯಂತ ಇಷ್ಟವಾದ ಗೆಲುವು ಅಂಗಳದ್ದಲ್ಲ, ಅವಳದ್ದು. ನರ್ಸಿಂಗ್ ಸಹಾಯಕಿಯ ಕೋರ್ಸಿನಲ್ಲಿ ಕ್ಲಾಸಿಗೇ ಹೆಚ್ಚು ಅಂಕ ತಗೊಂಡೆ ಅಂತ ಗೊತ್ತಾದಾಗ ಅವಳು ಅಳೋದನ್ನ ನೋಡಿ ನಾನೂ ಅತ್ತೆ. ಅಷ್ಟು ವರ್ಷ ಅವಳನ್ನ ಯಾರೂ ಒಳಗೆ ಕರೆದಿರಲಿಲ್ಲ.

ಮುಂದೆ ವಿಲಿಯಂ ಮಂಡಿ ಪೆಟ್ಟಾಗಿ ಒದ್ದಾಡ್ತಾನೆ. ಕೈಬಿಟ್ಟ ಆರ್ಥರ್ ಮಾರ್ಷಲ್ ತಂಡದ ಜೊತೆ 1991ರಲ್ಲಿ ರಾಜ್ಯಮಟ್ಟದಲ್ಲಿ ಮೂರನೇ ಸ್ಥಾನ ಪಡೀತಾನೆ. ಇದನ್ನೇ ಪವಾಡ ಅಂತ ಮಾರಬಹುದಿತ್ತು. ಸಿನಿಮಾ ಮಾರಲ್ಲ, ಯಾಕಂದ್ರೆ ಆರ್ಥರ್ ಅಷ್ಟು ದಿನ ಏನು ಮಾಡ್ತಿದ್ದ ಅಂತ ನಾವು ನೋಡಿರ್ತೀವಿ. ಅವನು ಕಾಯ್ತಾ ಕೂತಿರಲಿಲ್ಲ, ಬೇರೆ ಕಡೆ ಆಡ್ತಾ ಇದ್ದ. ಆಡಿದವನು ಆಡಿದ.

ಇಷ್ಟು ಒಳ್ಳೇ ಸಿನಿಮಾದ ಮೇಲೂ ನನ್ನದೊಂದು ತಕರಾರಿದೆ. ಅಮೆರಿಕದ ಹೈಸ್ಕೂಲುಗಳಲ್ಲಿ 'ಜೂನಿಯರ್ ವಾರ್ಸಿಟಿ' ಅಂತ ಎರಡನೇ ತಂಡ ಇರುತ್ತೆ. ಮುಖ್ಯ ತಂಡಕ್ಕೆ ಇನ್ನೂ ಬರದವರದ್ದು. ಅವರಿಗೆ ಅವರದ್ದೇ ಪಂದ್ಯಗಳು, ಅವರದ್ದೇ ಸೀಸನ್. ಸಾಮಾನ್ಯವಾಗಿ ಅದೇ ಸಂಜೆ, ಅದೇ ಅಂಗಳದಲ್ಲಿ, ಮುಖ್ಯ ಪಂದ್ಯಕ್ಕಿಂತ ಮುಂಚೆ ಎದುರು ಶಾಲೆಯ ಎರಡನೇ ತಂಡದ ಜೊತೆ ಆಡ್ತಾರೆ. ಅಷ್ಟೊತ್ತಿಗೆ ಜನ ಪೂರ್ತಿ ಸೇರಿರಲ್ಲ, ಅಪ್ಪ ಅಮ್ಮಂದಿರು ಮಾತ್ರ ಇರ್ತಾರೆ. ಆ ದೇಶದ ಶಾಲಾ ಆಟದಲ್ಲಿ ನಾವು ಕಲೀಬೇಕಾದ್ದು ಇದ್ದರೆ ಅದು ಇದು. ಕೊನೇ ಸೆಕೆಂಡಿನ ಬುಟ್ಟಿ ಅಲ್ಲ. ಆದರೆ ಸಿನಿಮಾಗಳು ಆ ಸಂಜೆ ಆರು ಗಂಟೆಯ ಪಂದ್ಯಕ್ಕೆ ಹೋಗೋದೇ ಅಪರೂಪ, ಹೋದರೂ ಬೇಗ ಎದ್ದು ಬರುತ್ತವೆ.

ಇದನ್ನ ಓದಿ ತಿಳ್ಕೊಂಡಾಗ ನನಗೆ ತಟ್ಟನೆ ನೆನಪಾಗಿದ್ದು ನಮ್ಮೂರಿನ ಆಟ. ಆಟ ಅಂದ್ರೆ ನಮ್ಮ ಕಡೆ ಕಬಡ್ಡಿಯೂ ಹೌದು, ಯಕ್ಷಗಾನವೂ ಹೌದು. ಹೊನ್ನಾವರ ತಾಲೂಕಿನ ಗುಣವಂತೆ ಅಂದ್ರೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು. ಹಳೇ ಕ್ರಮದ ಆಟದಲ್ಲಿ ಪ್ರಸಂಗ ಶುರುವಾಗೋ ಮೊದಲು ಪೂರ್ವರಂಗ. ಕೋಡಂಗಿ ವೇಷ, ಬಾಲಗೋಪಾಲ, ಸ್ತ್ರೀವೇಷ. ಕುಣಿಯೋರು ಹೆಚ್ಚಾಗಿ ಹೊಸಬರು, ಕಲಿಯೋ ಹುಡುಗರು. ಜನ ಇನ್ನೂ ಬರ್ತಾ ಇರ್ತಾರೆ, ಚಾಪೆ ಹಾಸ್ತಾ ಇರ್ತಾರೆ, ಶೇಂಗಾ ಕೊಳ್ತಾ ಇರ್ತಾರೆ. ತಾಳ ತಪ್ಪಿದರೆ ಭಾಗವತರು ಸಂಭಾಳಿಸ್ತಾರೆ, ಆಟ ಕೆಡಲ್ಲ. ಆದರೆ ದೀಪ ಹಚ್ಚಿದೆ, ಚಂಡೆ ಮದ್ದಳೆ ನಿಜವಾದದ್ದು, ರಂಗಸ್ಥಳ ನಿಜವಾದದ್ದು. ಮಳೆ ಬಿಟ್ಟ ಮೇಲೆ ಶುರುವಾಗಿ ಮತ್ತೆ ಮಳೆ ಹಿಡಿಯೋವರೆಗೆ ಹೀಗೆ ಕುಣಿದ ಹುಡುಗನಿಗೆ, ಒಂದು ರಾತ್ರಿ ಯಾರಿಗೋ ಜ್ವರ ಬಂದು 'ಇವತ್ತು ನೀನು ಬಣ್ಣ ಹಚ್ಚು' ಅಂದ್ರೆ ಅಳುಕು ಇರಬಹುದು. ಹೆಬ್ಬೆರಳು ನೋಡಿಕೊಳ್ಳೋ ಅಳುಕಲ್ಲ.

ಈಗ ಕಾಲಮಿತಿಯ ಆಟಗಳಲ್ಲಿ ಮೊದಲು ಕತ್ತರಿ ಬಿದ್ದಿದ್ದೂ ಈ ಪೂರ್ವರಂಗಕ್ಕೇ. ಮೂರು ಗಂಟೆಯಲ್ಲಿ ಮುಗಿಸಬೇಕಲ್ಲ, ನೇರ ಕತೆಗೆ ಬನ್ನಿ ಅಂತೀವಿ. ಬೆಂಗಳೂರಿನಲ್ಲಿ ಟಿಕೆಟ್ ತಗೊಂಡು ಆಟ ನೋಡೋ ನಾನೂ ಅಂತೀನಿ. ಹೊಸಬರು ಕಲಿಯೋ ಅರ್ಧ ಗಂಟೆ ನಮಗೆ ಬೋರು.

ಶಾಲಾ ಕ್ರೀಡಾಕೂಟದಲ್ಲಿ ಆ ಅರ್ಧ ಗಂಟೆ ಮೊದಲಿಂದಲೂ ಇಲ್ಲ. ಲೆಕ್ಕ ಹಾಕಿ. ಒಂದು ಕೂಟಕ್ಕೆ 16 ಶಾಲೆ ಬಂದವು ಅಂತಿಟ್ಟುಕೊಳ್ಳಿ. ನಾಕೌಟ್ ಪದ್ಧತಿ, ಸೋತವರು ಮನೆಗೆ. ಒಟ್ಟು 15 ಪಂದ್ಯ. 8 ಶಾಲೆಗಳಿಗೆ ಮೊದಲ ಪಂದ್ಯವೇ ಕೊನೇ ಪಂದ್ಯ. ಅರ್ಧಕ್ಕೆ 15 ನಿಮಿಷ ಅಂದರೂ ಆ ಹುಡುಗರ ವರ್ಷವಿಡೀ ತಯಾರಿಗೆ ಸಿಕ್ಕಿದ್ದು 30 ನಿಮಿಷ. ಐದೈದರಂತೆ 80 ಜನ ಎಕ್ಸ್‌ಟ್ರಾಗಳು, ಅವರಲ್ಲಿ ಹೆಚ್ಚಿನವರಿಗೆ ಅದೂ ಇಲ್ಲ. ಪ್ರೊ ಕಬಡ್ಡಿ 2014ರಲ್ಲಿ ಬಂದ ಮೇಲೆ ನಾವು ಕಬಡ್ಡಿಗೂ 'ಸೀಸನ್' ಅನ್ನೋದನ್ನ ಕಲಿತಿದ್ದೀವಿ. ಟೀವಿಯಲ್ಲಿ ತಿಂಗಳುಗಟ್ಟಲೆ ಸೀಸನ್ ನಡೆಯುತ್ತೆ. ಅದನ್ನ ನೋಡಿ ಬೆಳೆಯೋ ಹೈಸ್ಕೂಲು ಹುಡುಗನಿಗೆ ಸೀಸನ್ ಅಂದ್ರೆ ಆಗಸ್ಟಿನ ಒಂದು ಮಧ್ಯಾಹ್ನ.

ಇದಕ್ಕೆ ದೊಡ್ಡ ದುಡ್ಡೇನೂ ಬೇಡ. ಮೊದಲ ಸುತ್ತಿನಲ್ಲಿ ಸೋತ ಶಾಲೆಗಳು ಮಧ್ಯಾಹ್ನಕ್ಕೇ ಟೆಂಪೋ ಹತ್ತಿ ಹೋಗಿಬಿಡ್ತವೆ. ಹೋಗೋ ಮೊದಲು ಆಡದವರಿಗೆ ಹತ್ತು ನಿಮಿಷದ ಒಂದು ಪಂದ್ಯ. ಐದೈದೇ ಜನ ಆಡಲಿ. ಅಂಗಳ ಇದೆ, ಸೀಟಿ ಊದೋರಿದ್ದಾರೆ, ಹುಡುಗರಂತೂ ಅಲ್ಲೇ ಕೂತಿದ್ದಾರೆ. ಭಟ್ಕಳದಿಂದ ಕುಮಟಾ 60 ಕಿಲೋಮೀಟರಿಗೆ ಆಚೀಚೆ. ಮೂರು ತಾಲೂಕಿನ ಎರಡನೇ ತಂಡಗಳು ವರ್ಷಕ್ಕೆ ಎರಡು ಶನಿವಾರ ಹೊನ್ನಾವರದಲ್ಲಿ ಸೇರಿದರೆ ಅದೇ ಒಂದು ಸೀಸನ್. ಯಾರೂ ನೋಡೋಕೆ ಬರದಿದ್ದರೂ ನಡೆಯುತ್ತೆ. ಪಿ.ಟಿ. ಮಾಸ್ತರೊಬ್ಬರು ನೋಡಿದರೆ ಸಾಕು.

ನನ್ನ ಬೆಂಚಿನ ಕತೆ ಏನಾಯ್ತು ಅಂತ ಕೇಳ್ತೀರಿ. ಏಳನೇ ವಾರ ಒಂದು ಪ್ರಾಜೆಕ್ಟಿನ ಇಂಟರ್‌ವ್ಯೂಗೆ ಕರೆ ಬಂತು. ಫೋನು ರಿಂಗಾದಾಗ ಮೊದಲು ಅನ್ನಿಸಿದ್ದು ಅದೇ ಹಳೇದು: ತಗೊಳ್ಳೋದೇ ಬೇಡ. ತಗೊಂಡೆ. ತಡವರಿಸಿದೆ. ಎರಡು ಪ್ರಶ್ನೆಗೆ ಉತ್ತರ ಬರಲಿಲ್ಲ. ಸಿಕ್ತು, ಆದರೆ ಮಿಂಚಿದ್ದಕ್ಕಲ್ಲ. ಅವರಿಗೆ ಜನ ಬೇಕಿತ್ತು.

ಈಗ ನಮ್ಮ ಟೀಮಿಗೆ ಇಬ್ಬರು ಹೊಸಬರು ಬಂದಿದ್ದಾರೆ. ಕ್ಲೈಂಟ್ ಕಾಲ್‌ನಲ್ಲಿ ಅವರಿಬ್ಬರೂ ಮ್ಯೂಟ್ ಹಾಕಿಕೊಂಡು ಕೂರ್ತಾರೆ, ಕ್ಯಾಮೆರಾ ಆಫ್. ಹೋದ ವಾರದಿಂದ ಪ್ರತೀ ಕಾಲ್‌ನ ಮೊದಲ ಐದು ನಿಮಿಷ, ಮುಖ್ಯ ಜನ ಸೇರೋ ಮುಂಚೆ, ಸ್ಟೇಟಸ್ ಹೇಳೋದು ಅವರ ಕೆಲಸ ಅಂತ ಮಾಡಿದ್ದೀನಿ. ಹುಡುಗಿ ಮೊದಲ ದಿನ ಎರಡು ಸಲ ತಪ್ಪಿದಳು. ಯಾರಿಗೂ ಏನೂ ಆಗಲಿಲ್ಲ.